ತೋಟದ ಮನೆಯ ರೂಟರ್‌ಗೆ ಹಾಸನದಲ್ಲೇ ಕೂತು ಫರ್ಮ್‌ವೇರ್ ಅಪ್‌ಗ್ರೇಡ್: ಸೆಟ್ಟಿಂಗ್ ಕಳೆಯದ ಹಾಗೆ ಮಾಡುವುದು ಹೇಗೆ?

ಮೂಡಿಗೆರೆ, ಸಕಲೇಶಪುರ, ಕಳಸದ ಕಡೆಯ ತೋಟದ ಮನೆಗಳಲ್ಲಿ ಈಗ ರೂಟರ್ ಇಲ್ಲದೆ ಏನೂ ನಡೆಯುವುದಿಲ್ಲ. ಹೋಂಸ್ಟೇ ಅತಿಥಿಗಳಿಗೆ ವೈಫೈ, ಕಾಫಿ ಕಣಕ್ಕೆ ಸಿಸಿ ಕ್ಯಾಮೆರಾ, ಮಕ್ಕಳ ಆನ್‌ಲೈನ್ ಪಾಠ, ಎಲ್ಲ ಅದರಿಂದಲೇ. ಆದರೆ ಆ ರೂಟರ್ ನೋಡಿಕೊಳ್ಳುವವರು ಮಾತ್ರ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ನಾನೂ ಅಂಥವರಲ್ಲೊಬ್ಬ. ನೆಂಟರ, ಸ್ನೇಹಿತರ ಕೆಲವು ರೂಟರ್‌ಗಳನ್ನು ಹಾಸನದಿಂದಲೇ ನೋಡಿಕೊಳ್ಳುತ್ತೇನೆ.

ಅಪ್‌ಗ್ರೇಡ್ ಯಾಕೆ ಬೇಕು? ಫರ್ಮ್‌ವೇರ್ ಅಂದರೆ ರೂಟರ್ ಅನ್ನು ನಡೆಸುವ ಒಳಗಿನ ಸಾಫ್ಟ್‌ವೇರ್. ಅದು ಹಳೆಯದಾದಷ್ಟೂ ಅದರೊಳಗಿನ ತೂತುಗಳು ಊರಿಗೆಲ್ಲ ಗೊತ್ತಾಗುತ್ತವೆ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ ಕನಿಷ್ಠ 54 ದೇಶಗಳಲ್ಲಿ 5 ಲಕ್ಷ ಸಾಧನಗಳ ಒಳಗೆ ಸೇರಿಕೊಂಡಿತ್ತು. ಅದರಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳೇ. ಹಾಗಾಗಿ ಅಪ್‌ಗ್ರೇಡ್ ಬೇಕೋ ಬೇಡವೋ ಅನ್ನುವ ಚರ್ಚೆಗೆ ಹೋಗುವುದಿಲ್ಲ. ಬೇಕು.

ಎದುರಿಗಿರುವ ರೂಟರ್ ಆದರೆ ಕಷ್ಟವೇನಿಲ್ಲ. ಕೆಟ್ಟರೆ ಕೇಬಲ್ ಹಾಕಿ ಸರಿ ಮಾಡಬಹುದು. ದೂರದ ರೂಟರ್ ಹಾಗಲ್ಲ. ನೀವು ಯಾವುದನ್ನು ಬದಲಿಸುತ್ತಿದ್ದೀರೋ ಅದರ ಮೂಲಕವೇ ಒಳಗೆ ಹೋಗಿರುತ್ತೀರಿ. 'ಕೀಪ್ ಸೆಟ್ಟಿಂಗ್ಸ್' ಅನ್ನುವ ಟಿಕ್ ಹಾಕಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸೆಟ್ಟಿಂಗ್ ಎಲ್ಲ ಉಳಿದೂ ನೀವು ಹೊರಗೇ ಉಳಿಯಬಹುದು. ಅದು ಹೇಗೆ ಅನ್ನುವುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

1. ಮೊದಲು ಅಲ್ಲಿರುವ ಡಬ್ಬಿ ಯಾವುದು ಅಂತ ತಿಳಿದುಕೊಳ್ಳಿ

ತೋಟದಲ್ಲಿ ಯಾರಿದ್ದಾರೋ ಅವರಿಗೆ ಫೋನ್ ಮಾಡಿ. ಹೆಚ್ಚಾಗಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು ಇರುತ್ತಾರೆ. "ಅಣ್ಣ, ರೂಟರ್ ತಿರುಗಿಸಿ ಅಡಿಯಲ್ಲಿರೋ ಸ್ಟಿಕ್ಕರ್ ಫೋಟೋ ಕಳಿಸಿ" ಅನ್ನಿ. ಮೊದಲು ಬರುವುದು ಮುಂಭಾಗದ ಫೋಟೋ, ಲೈಟುಗಳೆಲ್ಲ ಚೆನ್ನಾಗಿ ಕಾಣುವ ಹಾಗೆ. ಆಮೇಲೆ ಅಡಾಪ್ಟರ್ ಫೋಟೋ. ತಾಳ್ಮೆ ಇರಲಿ. ಅಡಾಪ್ಟರ್ ಫೋಟೋವನ್ನೂ ಇಟ್ಟುಕೊಳ್ಳಿ, ಯುಪಿಎಸ್ ತರುವಾಗ ಬೇಕಾಗುತ್ತದೆ.

ಸ್ಟಿಕ್ಕರ್‌ನಲ್ಲಿ ನೋಡಬೇಕಾದ್ದು ಮಾಡೆಲ್ ಹೆಸರು ಮಾತ್ರವಲ್ಲ, ಅದರ ಪಕ್ಕದ ವರ್ಷನ್ ಸಂಖ್ಯೆ ಕೂಡ. ಒಂದೇ ಹೆಸರಿನ ರೂಟರ್‌ನ ವರ್ಷನ್ 2 ಮತ್ತು ವರ್ಷನ್ 6ರಲ್ಲಿ ಒಳಗಿನ ಚಿಪ್ಪೇ ಬೇರೆ ಇರಬಹುದು. ಒಂದರ ಫೈಲ್ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಕಂಪನಿ ಫರ್ಮ್‌ವೇರ್ ಆದರೆ ದೇಶವೂ ಮುಖ್ಯ. ಭಾರತದಲ್ಲಿ ಮಾರಿದ್ದಕ್ಕೆ ಭಾರತದ ಪುಟದಿಂದಲೇ ಫೈಲ್ ಇಳಿಸಿ.

ಇನ್ನೊಂದು ವಿಷಯ. ಗೋಡೆ ಮೇಲಿನ, ಹಳದಿ ಫೈಬರ್ ಎಳೆ ಬಂದು ಸೇರುವ ಡಬ್ಬಿ ಒಎನ್‌ಟಿ. ಅದು ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯದು. ಅದರ ಫರ್ಮ್‌ವೇರ್ ಅನ್ನು ಅವರೇ ದೂರದಿಂದ ನೋಡಿಕೊಳ್ಳುತ್ತಾರೆ. ಅದಕ್ಕೆ ಕೈ ಹಾಕಬೇಡಿ. ಇಲ್ಲಿ ಹೇಳುತ್ತಿರುವುದು ಅದರ ಮುಂದೆ ನೀವು ಕೊಂಡು ಹಾಕಿದ ರೂಟರ್ ಬಗ್ಗೆ.

2. ಮಳೆ, ಕರೆಂಟು, ಅತಿಥಿಗಳು

ಆರಿದ್ರೆಯಿಂದ ಆಶ್ಲೇಷದವರೆಗೆ ಈ ಕೆಲಸ ಬೇಡ. ಸಿಲ್ವರ್ ಓಕ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ. ಏಪ್ರಿಲ್, ಮೇ ಸಂಜೆಯೂ ಬೇಡ. ಗುಡುಗು ಕೇಳಿದ ತಕ್ಷಣ ಮನೆಯವರು ಎಲ್ಲ ಪ್ಲಗ್ ಕೀಳುತ್ತಾರೆ, ಅವರು ಮಾಡುವುದೂ ಸರಿಯೇ.

ವಾರದ ನಡುವಿನ ದಿನ, ಬೆಳಗ್ಗೆ 11ರ ಸುಮಾರು ಒಳ್ಳೆಯದು. ಶನಿವಾರ, ಭಾನುವಾರ ಹೋಂಸ್ಟೇ ತುಂಬಿರುತ್ತದೆ. ಚಿಕ್ಕಮಗಳೂರು ಜಿಲ್ಲೆಯಾದರೆ ಮೆಸ್ಕಾಂ, ಹಾಸನ ಜಿಲ್ಲೆಯಾದರೆ ಸೆಸ್ಕ್ ಆ ದಿನ ಕೆಲಸಕ್ಕಾಗಿ ಕರೆಂಟ್ ತೆಗೆಯುತ್ತದೆಯೇ ಅಂತ ಪತ್ರಿಕೆಯ ಪ್ರಕಟಣೆ ನೋಡಿ. ಇಲ್ಲದಿದ್ದರೆ 1912ಕ್ಕೆ ಕರೆ ಮಾಡಿ ಕೇಳಿ. ಫ್ಲಾಶ್‌ಗೆ, ಅಂದರೆ ರೂಟರ್ ಒಳಗಿನ ಮೆಮೊರಿಗೆ ಬರೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಫರ್ಮ್‌ವೇರ್ ಉಳಿಯುತ್ತದೆ. ಆಮೇಲೆ ರೂಟರ್ ಏಳುವುದಿಲ್ಲ.

ರೂಟರ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿಸಿ. ಆದರೆ ಮೊದಲು ಅಡಾಪ್ಟರ್ ನೋಡಿ, ಕೆಲವು ರೂಟರ್ 9 ವೋಲ್ಟಿನವು. ಒಎನ್‌ಟಿಗೂ ಯುಪಿಎಸ್ ಬೇಕು. ರೂಟರ್ ಮಾತ್ರ ಉರಿದು ಒಎನ್‌ಟಿ ಆರಿದರೆ ನಿಮಗೆ ದಾರಿಯಿಲ್ಲ. ಮನೆಗೆ ದೊಡ್ಡ ಇನ್ವರ್ಟರ್ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಆ ಒಂದು ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗುವುದುಂಟು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿಸಿ.

3. ಒಳಗೆ ಹೋಗುವ ದಾರಿ ಒಂದಲ್ಲ, ಎರಡಿರಲಿ

ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯಿಂದ ರೂಟರ್‌ಗೆ ಸಿಕ್ಕಿರುವ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ಆ ರೂಟರ್ ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದೆ. ಅಂದರೆ ಹೊರಗಿನಿಂದ ನೇರವಾಗಿ ಆ ರೂಟರ್ ಮುಟ್ಟಲು ಆಗುವುದಿಲ್ಲ. ರೂಟರ್ ತಾನೇ ಹೊರಗೆ ಬಂದು ನಿಮ್ಮ ಕಡೆಗೆ ಸಂಪರ್ಕ ಮಾಡಬೇಕು. ವೈರ್‌ಗಾರ್ಡ್, ಟೇಲ್‌ಸ್ಕೇಲ್‌ನಂಥ ವಿಪಿಎನ್‌ಗಳು (ಇಂಟರ್ನೆಟ್ ಮೇಲೆ ಎರಡು ಕಡೆಯ ನಡುವಿನ ಖಾಸಗಿ ದಾರಿ) ಮಾಡುವುದು ಇದನ್ನೇ. ಪಬ್ಲಿಕ್ ಐಪಿ ಸಿಕ್ಕಿದ್ದರೂ ರೂಟರ್‌ನ ಅಡ್ಮಿನ್ ಪುಟವನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ವಿಪಿಎನ್ ಮೂಲಕವೇ ಹೋಗಿ.

ಇದು ಮೊದಲ ದಾರಿ. ಎರಡನೆಯದು ರೂಟರ್ ಸತ್ತರೂ ಬದುಕಿರಬೇಕು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಹಳೆಯ ಲ್ಯಾಪ್‌ಟಾಪ್. ಅದರಿಂದ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿಸಿ. ಇಂಟರ್ನೆಟ್ ಮಾತ್ರ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮೂಲಕ ಬರಲಿ. ಲ್ಯಾನ್ ಕಾರ್ಡ್‌ಗೆ ಕೈಯಾರೆ ಐಪಿ ಕೊಡಿ. ರೂಟರ್ 192.168.1.1 ಆದರೆ ಇದಕ್ಕೆ 192.168.1.50, ಸಬ್‌ನೆಟ್ 255.255.255.0. ಗೇಟ್‌ವೇ ಜಾಗ ಖಾಲಿ ಬಿಡಿ. ಹೀಗೆ ಮಾಡಿದರೆ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಮೊಬೈಲ್‌ನಿಂದ ಬರುತ್ತದೆ, ರೂಟರ್ ಮಾತ್ರ ಕೇಬಲ್‌ನಲ್ಲಿ ಸಿಗುತ್ತದೆ. ಎನಿಡೆಸ್ಕ್ ಹಾಕಿ ನೀವು ಹಾಸನದಿಂದ ಆ ಲ್ಯಾಪ್‌ಟಾಪ್‌ನಲ್ಲಿ ಕೂರಬಹುದು. ಚಾರ್ಜರ್ ಹಾಕಿರಲಿ, ಸ್ಲೀಪ್ ಆಫ್ ಇರಲಿ.

ಇಲ್ಲೊಂದು ಮಲೆನಾಡಿನದೇ ಆದ ತೊಡಕಿದೆ. ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಫೋನ್ ಕರೆ ಬರುವುದೇ ವೈಫೈ ಕಾಲಿಂಗ್‌ನಲ್ಲಿ. ರೂಟರ್ ಬಿದ್ದರೆ ನೆಟ್ ಮಾತ್ರ ಹೋಗುವುದಲ್ಲ, ರೈಟರ್ ಫೋನೂ ಹೋಯಿತು. ನೀವು ಏನು ಹೇಳಬೇಕೆಂದರೂ ಕೇಳುವವರಿಲ್ಲ. ಅಂಥ ಜಾಗದಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ: "ಅಣ್ಣ, 12 ಗಂಟೆ ಒಳಗೆ ವೈಫೈ ಬರ್ಲಿಲ್ಲ ಅಂದ್ರೆ ಗೇಟ್ ಹತ್ರ ಸಿಗ್ನಲ್ ಸಿಗೋ ಜಾಗಕ್ಕೆ ಬಂದು ನಂಗೊಂದು ಫೋನ್ ಮಾಡಿ." ಲ್ಯಾಂಡ್‌ಲೈನ್ ಇದ್ದರೆ ಇನ್ನೂ ಒಳ್ಳೆಯದು. ಮೊಬೈಲೂ ಇಲ್ಲ, ಲ್ಯಾಂಡ್‌ಲೈನೂ ಇಲ್ಲ ಅಂದರೆ ದೂರದಿಂದ ಅಪ್‌ಗ್ರೇಡ್ ಮಾಡಬೇಡಿ. ಕೊನೆಯಲ್ಲಿ ಹೇಳಿರುವ ಬಸ್ಸಿನ ದಾರಿ ನೋಡಿ.

4. ಬ್ಯಾಕಪ್: ಫೈಲ್ ಒಂದು, ಕಾಗದ ಒಂದು

ಕಂಪನಿ ರೂಟರ್‌ಗಳಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್' ಪುಟವಿರುತ್ತದೆ. ಫೈಲ್ ಇಳಿಸಿಕೊಳ್ಳಿ. ಆದರೆ ಅದನ್ನೊಂದೇ ನಂಬಬೇಡಿ. ಹಳೆಯ ಫರ್ಮ್‌ವೇರ್‌ನ ಬ್ಯಾಕಪ್ ಅನ್ನು ಹೊಸದು ಒಪ್ಪದಿರಬಹುದು. ಫೈಲ್ ತೆರೆದು ಓದಲೂ ಆಗುವುದಿಲ್ಲ.

ಅದಕ್ಕೇ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖ್ಯವಾದವು: ಪಿಪಿಪಿಒಇ (ಇಂಟರ್ನೆಟ್ ಕಂಪನಿಯ ಲಾಗಿನ್) ಯೂಸರ್‌ನೇಮ್, ಕಂಪನಿ ಕೊಟ್ಟ ವಿಲ್ಯಾನ್ ಸಂಖ್ಯೆ ಇದ್ದರೆ ಅದು, ವೈಫೈ ಹೆಸರು ಮತ್ತು ಪಾಸ್‌ವರ್ಡ್, ಕ್ಯಾಮೆರಾ ರೆಕಾರ್ಡರ್‌ಗೆ (ಡಿವಿಆರ್) ಕಾದಿರಿಸಿದ ಐಪಿ, ಪೋರ್ಟ್ ಫಾರ್ವರ್ಡಿಂಗ್. ಪಿಪಿಪಿಒಇ ಪಾಸ್‌ವರ್ಡ್ ಪುಟದಲ್ಲಿ ಚುಕ್ಕೆಗಳಾಗಿ ಕಾಣುತ್ತದೆ. ಅದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಕನೆಕ್ಷನ್ ಕೊಟ್ಟ ಹುಡುಗನಿಗೆ ಮಾತ್ರ ಗೊತ್ತು. ಅಪ್‌ಗ್ರೇಡ್‌ಗೆ ಮೊದಲೇ ಅವನಿಗೆ ಫೋನ್ ಮಾಡಿ ತಿಳಿದುಕೊಳ್ಳಿ. ನೆಟ್ ಹೋದ ಮೇಲೆ ಮಾಡಿದರೆ ಅವನು ಯಾವುದೋ ಕಂಬದ ಮೇಲಿರುತ್ತಾನೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ರೈಟರ್‌ಗೆ ಕೊಡಿ. ರೂಟರ್ ಹೊಸದರ ಹಾಗೆ ಆಗಿಬಿಟ್ಟರೆ ಏನು ಮಾಡಬೇಕು ಅನ್ನುವುದೂ ಅದರಲ್ಲಿರಲಿ. ಸ್ಟಿಕ್ಕರ್‌ನಲ್ಲಿರುವ ವೈಫೈಗೆ ಫೋನ್ ಸೇರಿಸಿ, ಬ್ರೌಸರ್‌ನಲ್ಲಿ ಈ ನಂಬರ್ ಹೊಡೆಯಿರಿ, ಇಲ್ಲಿ ಇದನ್ನು ತುಂಬಿ, ಹೀಗೆ. ಪಾಸ್‌ವರ್ಡ್‌ನ ಅಕ್ಷರಗಳು ಸ್ಪಷ್ಟವಾಗಿರಲಿ, ಸೊನ್ನೆಯೋ 'ಓ' ಅಕ್ಷರವೋ ಅಂತ ಗುರುತು ಹಾಕಿ. ಹಾಳೆಗೆ ಲ್ಯಾಮಿನೇಷನ್ ಮಾಡಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಬರೀ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಅಲ್ವಾ. ಪಾಸ್‌ವರ್ಡ್ ಇರುವ ಹಾಳೆ ಅತಿಥಿಗಳ ಕಣ್ಣಿಗೆ ಬೀಳದ ಕಡೆ ಇಡಲು ಹೇಳಿ.

ಕಂಪನಿ ಫರ್ಮ್‌ವೇರ್ ಆದರೆ ಬಿಡುಗಡೆ ಟಿಪ್ಪಣಿಯನ್ನೂ ಪೂರ್ತಿ ಓದಿ. ಕೆಲವದರಲ್ಲಿ "ಅಪ್‌ಗ್ರೇಡ್ ಆದ ಮೇಲೆ ಸೆಟ್ಟಿಂಗ್ ಅಳಿಯುತ್ತದೆ" ಅಂತ ಕೆಳಗೆಲ್ಲೋ ಒಂದು ಸಾಲು ಬರೆದಿರುತ್ತಾರೆ. ಆ ಸಾಲು ಕಂಡರೆ ದೂರದಿಂದ ಮಾಡುವ ಯೋಚನೆ ಬಿಡಿ, ಅಥವಾ ಮೇಲೆ ಹೇಳಿದ ಲ್ಯಾಪ್‌ಟಾಪ್ ದಾರಿ ಗಟ್ಟಿಯಾಗಿರಲಿ.

5. ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದರೆ ಇಲ್ಲಿ ನಿಧಾನವಾಗಿ ಓದಿ

ಓಪನ್‌ಡಬ್ಲ್ಯುಆರ್‌ಟಿ ಅಂದರೆ ಕಂಪನಿ ಫರ್ಮ್‌ವೇರ್ ಬದಲು ಹಾಕಿಕೊಳ್ಳುವ ಉಚಿತ ಫರ್ಮ್‌ವೇರ್. ತಿಳಿದವರು ಸಾಮಾನ್ಯವಾಗಿ ಇದನ್ನೇ ಹಾಕಿರುತ್ತಾರೆ. ಎಡವುವುದೂ ಇಲ್ಲೇ ಜಾಸ್ತಿ.

ಇದರಲ್ಲಿ ಮೂಲ ಫರ್ಮ್‌ವೇರ್ ಬದಲಿಸಲಾಗದ ಒಂದು ಭಾಗದಲ್ಲಿರುತ್ತದೆ. ನೀವು ಮಾಡಿದ ಬದಲಾವಣೆ, ಹಾಕಿದ ಪ್ಯಾಕೇಜ್ (ಹೆಚ್ಚುವರಿ ಸಾಫ್ಟ್‌ವೇರ್) ಎಲ್ಲ ಅದರ ಮೇಲಿನ ಇನ್ನೊಂದು ಪದರದಲ್ಲಿ ಕೂರುತ್ತವೆ. ಅಪ್‌ಗ್ರೇಡ್ ಮಾಡುವಾಗ 'ಕೀಪ್ ಸೆಟ್ಟಿಂಗ್ಸ್' ಹಾಕಿದರೆ ರೂಟರ್ ಸೆಟ್ಟಿಂಗ್ ಫೈಲುಗಳನ್ನು ಗಂಟು ಕಟ್ಟಿ ಪಕ್ಕಕ್ಕಿಡುತ್ತದೆ. ಹೊಸ ಫರ್ಮ್‌ವೇರ್ ಬರೆದ ಮೇಲೆ, ಮೊದಲ ಸಲ ಏಳುವಾಗ ಆ ಗಂಟು ಬಿಚ್ಚುತ್ತದೆ. ಆ ಗಂಟಿನಲ್ಲಿ ಸೆಟ್ಟಿಂಗ್ ಫೈಲ್ ಇರುತ್ತವೆ. ನೀವು ಆಮೇಲೆ ಹಾಕಿಕೊಂಡ ಪ್ಯಾಕೇಜ್ ಇರುವುದಿಲ್ಲ.

ಈಗ ಯೋಚಿಸಿ. ನೀವು ಒಳಗೆ ಹೋಗುತ್ತಿರುವುದು ವೈರ್‌ಗಾರ್ಡ್‌ನಲ್ಲಿ. ವೈರ್‌ಗಾರ್ಡ್ ನೀವು ಆಮೇಲೆ ಹಾಕಿದ ಪ್ಯಾಕೇಜ್. ಅಪ್‌ಗ್ರೇಡ್ ಮುಗಿಯಿತು, ಇಂಟರ್ನೆಟ್ ಬಂತು, ವೈಫೈ ಬಂತು, ಮನೆಯವರಿಗೆ ಎಲ್ಲ ಸರಿ. ವೈರ್‌ಗಾರ್ಡ್‌ನ ಕೀ, ಪೋರ್ಟ್, ಐಪಿ ಎಲ್ಲ ನೆಟ್‌ವರ್ಕ್ ಫೈಲ್‌ನಲ್ಲಿ ಹಾಗೇ ಇದೆ. ಆದರೆ ಅದನ್ನು ನಡೆಸುವ ವೈರ್‌ಗಾರ್ಡ್ ಪ್ಯಾಕೇಜೇ ಇಲ್ಲ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಪರಿಹಾರ ಸುಲಭ. ವೈರ್‌ಗಾರ್ಡ್ ಫರ್ಮ್‌ವೇರ್ ಫೈಲ್ ಒಳಗೇ ಇರುವ ಹಾಗೆ ಮಾಡಿಸಿಕೊಳ್ಳಿ. ಓಪನ್‌ಡಬ್ಲ್ಯುಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ತಾಣದಲ್ಲಿ ನಿಮ್ಮ ಮಾಡೆಲ್ ಆರಿಸಿ, ಪ್ಯಾಕೇಜ್ ಪಟ್ಟಿಯ ಪೆಟ್ಟಿಗೆ ತೆರೆದು, ನಿಮಗೆ ಬೇಕಾದವನ್ನು ಸೇರಿಸಿ, ಬಿಲ್ಡ್ ಮಾಡಲು ಹೇಳಿದರೆ ಅವರ ಸರ್ವರ್ ಹೊಸ ಫೈಲ್ ತಯಾರಿಸಿ ಕೊಡುತ್ತದೆ. ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಎಂಬ ಸೌಲಭ್ಯ ಇದೇ ಕೆಲಸವನ್ನು ರೂಟರ್‌ನಿಂದಲೇ ಮಾಡಿಸುತ್ತದೆ, ಈಗಿರುವ ಪ್ಯಾಕೇಜ್‌ಗಳ ಪಟ್ಟಿ ನೋಡಿಕೊಂಡು. ಯಾವುದಾದರೂ ಸರಿ. ಫೈಲ್ ಬಂದ ಮೇಲೆ ಅದರ ಜೊತೆಗಿನ ಪಟ್ಟಿಯಲ್ಲಿ ವೈರ್‌ಗಾರ್ಡ್ ಹೆಸರು ಇದೆಯೇ ಅಂತ ಕಣ್ಣಾರೆ ನೋಡಿ.

ಮುಂದೆ ಲೂಸಿಯ, ಅಂದರೆ ಓಪನ್‌ಡಬ್ಲ್ಯುಆರ್‌ಟಿಯ ಅಡ್ಮಿನ್ ಪುಟದ, ಸಿಸ್ಟಂ ಮೆನುವಿನಲ್ಲಿ ಬ್ಯಾಕಪ್ ಪುಟ, ಅದರಲ್ಲಿ ಕಾನ್ಫಿಗರೇಷನ್ ಟ್ಯಾಬ್. ಅಲ್ಲಿ ಯಾವ ಯಾವ ಫೈಲ್ ಉಳಿಯುತ್ತದೆ ಅನ್ನುವ ಪಟ್ಟಿ ತೆರೆಯಬಹುದು. ನೀವೇ ಬರೆದ ಸ್ಕ್ರಿಪ್ಟ್, ಟೇಲ್‌ಸ್ಕೇಲ್‌ನ ಲಾಗಿನ್ ಫೈಲ್ ಅಲ್ಲಿ ಕಾಣದಿದ್ದರೆ ಅದೇ ಪುಟದಲ್ಲಿ ಅವುಗಳ ದಾರಿ ಬರೆದು ಸೇವ್ ಮಾಡಿ.

ಓಪನ್‌ಡಬ್ಲ್ಯುಆರ್‌ಟಿಯ ವರ್ಷನ್ ಹಾರಿಸಬೇಡಿ. 23.05ರಿಂದ 24.10ಕ್ಕೆ ಸೆಟ್ಟಿಂಗ್ ಸಮೇತ ಹೋಗಬಹುದು. 22.03ರಿಂದ ನೇರ 24.10ಕ್ಕೆ ಬೇಡ, ನಡುವೆ 23.05ಕ್ಕೆ ನಿಂತು ಹೋಗಿ. 19.07ರಷ್ಟು ಹಳೆಯದಾದರೆ ಕಥೆಯೇ ಬೇರೆ. 21.02ರಿಂದ ಅನೇಕ ರೂಟರ್‌ಗಳಲ್ಲಿ ಲ್ಯಾನ್ ಪೋರ್ಟ್‌ಗಳನ್ನು ನಡೆಸುವ ವಿಧಾನ ಬದಲಾಗಿ ಡಿಎಸ್‌ಎ ಎಂಬ ಹೊಸ ವಿಧಾನ ಬಂತು, ಪೋರ್ಟ್‌ಗಳ ಹೆಸರೇ ಬೇರೆಯಾದವು. ಹಳೆಯ ನೆಟ್‌ವರ್ಕ್ ಫೈಲ್ ಹೊಸದಕ್ಕೆ ಹೊಂದುವುದಿಲ್ಲ. ರೂಟರ್ ತಾನೇ ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ. ಆಗ 'ಫೋರ್ಸ್' ಟಿಕ್ ಹಾಕಿ ಮುಂದೆ ಹೋಗುವ ಆಸೆ ಬೇಡ. ಆ ಎಚ್ಚರಿಕೆ ಬಂದರೆ ದೂರದ ಕೆಲಸ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ.

6. ಮೊದಲು ಸುಮ್ನೆ ಒಂದು ರೀಸ್ಟಾರ್ಟ್

ಏನನ್ನೂ ಬದಲಿಸದೆ, ದೂರದಿಂದ ರೂಟರ್ ರೀಸ್ಟಾರ್ಟ್ ಮಾಡಿ. ಐದು ನಿಮಿಷ ಬಿಟ್ಟು ಒಳಗೆ ಹೋಗಲು ಆಗುತ್ತದೆಯೇ ನೋಡಿ. ಸೊರಗಿದ ಅಡಾಪ್ಟರ್, ಸೇವ್ ಆಗದ ಸೆಟ್ಟಿಂಗ್, ತಾನಾಗಿ ಏಳದ ವಿಪಿಎನ್ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಬರೀ ರೀಸ್ಟಾರ್ಟ್‌ನಿಂದ ವಾಪಸ್ ಬರದ ರೂಟರ್ ಅಪ್‌ಗ್ರೇಡ್‌ನಿಂದ ಬರುತ್ತದೆಯೇ? ಈ ಹೆಜ್ಜೆ ಬಿಡಲೇಬೇಡಿ.

7. ಅಪ್‌ಗ್ರೇಡ್

ಫೈಲ್ ಅನ್ನು ಹಾಸನದಿಂದ ವಿಪಿಎನ್ ಮೂಲಕ ಅಪ್‌ಲೋಡ್ ಮಾಡುವುದಕ್ಕಿಂತ ತೋಟದ ಲ್ಯಾಪ್‌ಟಾಪ್‌ಗೇ ಇಳಿಸಿ ಅಲ್ಲಿಂದ ಹಾಕುವುದು ಒಳ್ಳೆಯದು. ಲೈನ್ ನಡುವೆ ಕಡಿದರೂ ತೊಂದರೆ ಇಲ್ಲ. ಕಂಪನಿ ಫೈಲ್ ಜಿಪ್‌ನಲ್ಲಿ ಬಂದಿದ್ದರೆ ಬಿಚ್ಚಿ, ಒಳಗಿನ ಬಿನ್ ಫೈಲ್ ಹಾಕಿ. ಲೂಸಿಯಲ್ಲಿ ಅಪ್‌ಲೋಡ್ ಆದ ಮೇಲೆ ಎಸ್‌ಎಚ್‌ಎ-256 ಮೊತ್ತ (ಫೈಲ್ ಕೆಟ್ಟಿಲ್ಲ ಅಂತ ನೋಡಲು ಬಳಸುವ ಉದ್ದದ ಸಂಕೇತ) ತೋರಿಸುತ್ತದೆ. ತಾಣದಲ್ಲಿ ಕೊಟ್ಟಿರುವ ಮೊತ್ತದ ಜೊತೆ ಹೋಲಿಸಿ ನೋಡಿ. ಸರಿಯಿದ್ದರೆ, 'ಕೀಪ್ ಸೆಟ್ಟಿಂಗ್ಸ್' ಟಿಕ್ ಇದೆಯೇ ಅಂತ ಮತ್ತೊಮ್ಮೆ ನೋಡಿ ಮುಂದುವರಿಸಿ.

ಬಟನ್ ಒತ್ತುವ ಮೊದಲು ರೈಟರ್‌ಗೆ ಒಂದು ಮಾತು ಹೇಳಿರಬೇಕು: "ಇನ್ನು ಹದಿನೈದು ನಿಮಿಷ ನೆಟ್ ಇರಲ್ಲ. ಲೈಟ್ ಹೇಗೆ ಮಿಣುಕಿದ್ರೂ ಸ್ವಿಚ್ ಮುಟ್ಟಬೇಡಿ. ಮನೇಲಿ ಎಲ್ರಿಗೂ ಹೇಳಿ." ದೂರದ ಅಪ್‌ಗ್ರೇಡ್ ಹಾಳಾಗಲು ಕರೆಂಟ್‌ಗಿಂತ ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ನೆಟ್ ಹೋಯಿತು ಅಂದ ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡುವುದು ನಮಗೆಲ್ಲ ಅಭ್ಯಾಸವಾಗಿದೆ. ಬೇರೆ ದಿನ ಅದು ಸರಿ. ಇವತ್ತು ಅದೇ ರೂಟರ್ ಕೊಲ್ಲುತ್ತದೆ. ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಲು ಹೇಳಿದರೂ ತಪ್ಪಿಲ್ಲ.

ಬರೆಯುವುದು, ಏಳುವುದು ಸೇರಿ ಸಾಮಾನ್ಯವಾಗಿ ಐದು ನಿಮಿಷದೊಳಗೆ ಮುಗಿಯುತ್ತದೆ. ವಿಪಿಎನ್ ಮಾತ್ರ ಸ್ವಲ್ಪ ತಡವಾಗಿ ಬರಬಹುದು. ಹೆಚ್ಚಿನ ರೂಟರ್‌ಗಳಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಎದ್ದಾಗ ಹಳೆಯ ಸಮಯ ಹಿಡಿದುಕೊಂಡಿರುತ್ತದೆ. ವೈರ್‌ಗಾರ್ಡ್ ಹಿಂದಿನ ಸಮಯದ ಕರೆಯನ್ನು ಹಳೆಯದು ಅಂತ ತಳ್ಳಿಹಾಕುತ್ತದೆ. ಇಂಟರ್ನೆಟ್‌ನಿಂದ ಸಮಯ ಸರಿಯಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಆದ್ದರಿಂದ ಮೂರೇ ನಿಮಿಷಕ್ಕೆ ಗಾಬರಿಯಾಗಿ "ಅಣ್ಣ, ಒಂದ್ಸಲ ಆಫ್ ಮಾಡಿ" ಅನ್ನಬೇಡಿ.

8. ಬಂದ ಮೇಲೆ

ಒಳಗೆ ಹೋದ ತಕ್ಷಣ ವ್ಯಾನ್ ಐಪಿ, ಎರಡೂ ವೈಫೈ ಬ್ಯಾಂಡ್, ಡಿಎಚ್‌ಸಿಪಿ ಪಟ್ಟಿ (ಯಾವ ಸಾಧನಕ್ಕೆ ಯಾವ ಐಪಿ ಸಿಕ್ಕಿದೆ ಅನ್ನುವುದು) ನೋಡಿ. ಡಿವಿಆರ್ ಹಳೆಯ ಐಪಿಯಲ್ಲೇ ಇದೆಯೇ, ಕಣದ ಕ್ಯಾಮೆರಾ ಕಾಣುತ್ತಿದೆಯೇ ನೋಡಿ. ರೈಟರ್‌ಗೆ ಫೋನಿನಲ್ಲಿ ವಾಟ್ಸಾಪ್ ತೆರೆಯಲು ಹೇಳಿ. ಆಮೇಲೆ ಇನ್ನೊಂದು ರೀಸ್ಟಾರ್ಟ್ ಮಾಡಿ ಮತ್ತೆ ವಾಪಸ್ ಬರುತ್ತದೆಯೇ ಪರೀಕ್ಷಿಸಿ. ಹೊಸ ಬ್ಯಾಕಪ್ ಇಳಿಸಿ, ಹಳೆಯದನ್ನೂ ಇಟ್ಟುಕೊಳ್ಳಿ.

9. ಬರದಿದ್ದರೆ

ಹದಿನೈದು ನಿಮಿಷ ಕಳೆದರೂ ಬಾರದಿದ್ದರೆ ಮೊದಲು ಕೇಳಬೇಕಾದ್ದು ಒಂದೇ: ಮನೆಯಲ್ಲಿ ವೈಫೈ ಇದೆಯೇ? ಇದ್ದು, ನೆಟ್ಟೂ ಬರುತ್ತಿದ್ದರೆ ವಿಪಿಎನ್ ಮಾತ್ರ ಬಿದ್ದಿದೆ. ಲ್ಯಾಪ್‌ಟಾಪ್ ಮೂಲಕ ಹೋಗಿ ಪ್ಯಾಕೇಜ್ ಹಾಕಿದರೆ ಆಯಿತು. ವೈಫೈ ಹೆಸರು ಸ್ಟಿಕ್ಕರ್‌ನಲ್ಲಿದ್ದಂತೆ ಬದಲಾಗಿದ್ದರೆ ಸೆಟ್ಟಿಂಗ್ ಅಳಿಸಿಹೋಗಿದೆ, ಲ್ಯಾಮಿನೇಷನ್ ಹಾಳೆ ತೆಗೆಯಲು ಹೇಳಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸೆಟ್ಟಿಂಗ್ ಅಳಿದರೆ ವೈಫೈ ಸಾಮಾನ್ಯವಾಗಿ ಆಫ್ ಆಗಿಯೇ ಏಳುತ್ತದೆ. ಆಗ ಕೇಬಲ್ ಹಾಕಿದ ಲ್ಯಾಪ್‌ಟಾಪ್ ಒಂದೇ ದಾರಿ, 192.168.1.1ರಲ್ಲಿ ಸಿಗುತ್ತದೆ.

ವೈಫೈಯೂ ಇಲ್ಲ, ಕೇಬಲ್‌ನಲ್ಲೂ ಇಲ್ಲ ಅಂದರೆ ಓಪನ್‌ಡಬ್ಲ್ಯುಆರ್‌ಟಿಯ ಫೇಲ್‌ಸೇಫ್ (ನಿಮ್ಮ ಸೆಟ್ಟಿಂಗ್ ಬಿಟ್ಟು ಮೂಲ ಸ್ಥಿತಿಯಲ್ಲಿ ಏಳಿಸುವ ದಾರಿ) ನೋಡಬಹುದು. ಆನ್ ಮಾಡಿ ಲೈಟ್ ಮಿಣುಕಲು ಶುರುವಾದಾಗ ರೀಸೆಟ್ ಬಟನ್ ಒತ್ತಬೇಕು. ಮಿಣುಕು ಇನ್ನೂ ಜೋರಾದರೆ ಒಳಗೆ ಹೋಯಿತು ಅಂತ. ಫೋನಿನಲ್ಲಿ ಇದನ್ನು ಮಾಡಿಸಬಹುದು. ಅದಕ್ಕಿಂತ ಆಚೆಗಿನ ಟಿಎಫ್‌ಟಿಪಿ ರಿಕವರಿ (ಕೇಬಲ್ ಮೂಲಕ ಫರ್ಮ್‌ವೇರ್ ಹೊಸದಾಗಿ ಬರೆಯುವುದು) ಪ್ರತಿ ಮಾಡೆಲ್‌ಗೂ ಬೇರೆ ಬೇರೆ. ಅದನ್ನು ಫೋನಿನಲ್ಲಿ ಹೇಳಿ ಮಾಡಿಸುವುದು ಇಬ್ಬರಿಗೂ ಹಿಂಸೆ.

10. ಬಸ್ಸಿನ ದಾರಿ

ಡಿಎಸ್‌ಎ ಎಚ್ಚರಿಕೆ ಬಂದ ರೂಟರ್, ಸಿಗ್ನಲ್ ಇಲ್ಲದ ತೋಟ, ಸೀಸನ್‌ನಲ್ಲಿ ಒಂದು ಗಂಟೆಯೂ ನೆಟ್ ನಿಲ್ಲಿಸಲಾಗದ ಹೋಂಸ್ಟೇ, ಇವಕ್ಕೆಲ್ಲ ನಾನು ಹೇಳುವುದು ಇನ್ನೊಂದು ರೂಟರ್ ಕೊಳ್ಳಿ ಅಂತಲೇ. ಅದೇ ಮಾಡೆಲ್, ಅದೇ ವರ್ಷನ್. ಸೆಕೆಂಡ್ ಹ್ಯಾಂಡ್ ಆದರೂ ಸಾಕು. ನಿಮ್ಮ ಮೇಜಿನ ಮೇಲೆ ಹೊಸ ಫರ್ಮ್‌ವೇರ್ ಹಾಕಿ, ಸ್ಕ್ರೀನ್‌ಶಾಟ್ ನೋಡಿಕೊಂಡು ಸೆಟ್ಟಿಂಗ್ ತುಂಬಿ, ವಿಪಿಎನ್ ಏಳುತ್ತದೆಯೇ ಅಂತ ನಿಮ್ಮ ಮನೆಯ ನೆಟ್‌ನಲ್ಲೇ ಪರೀಕ್ಷಿಸಿ. ವ್ಯಾನ್ ಕೇಬಲ್ ಹೋಗುವ ಪೋರ್ಟ್‌ಗೆ ಕೆಂಪು ಟೇಪ್, ಡಿವಿಆರ್ ಪೋರ್ಟ್‌ಗೆ ನೀಲಿ ಟೇಪ್ ಅಂಟಿಸಿ, ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿ. ರೈಟರ್ ಕೇಬಲ್ ಬದಲಿಸಿದರೆ ಮುಗಿಯಿತು.

ಹಾಕಿದ ಮೇಲೂ ನೆಟ್ ಬರದಿದ್ದರೆ ಮ್ಯಾಕ್ ಅಡ್ರೆಸ್ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಅನುಮಾನಿಸಿ. ಕೆಲವು ಇಂಟರ್ನೆಟ್ ಕಂಪನಿಗಳು ಹಳೆಯ ರೂಟರ್‌ನ ಮ್ಯಾಕ್‌ಗೆ ಕನೆಕ್ಷನ್ ಕಟ್ಟಿಹಾಕಿರುತ್ತವೆ. ಅವರಿಗೆ ಫೋನ್ ಮಾಡಿ ಬಿಡಿಸಿ, ಇಲ್ಲವೇ ಕಳಿಸುವ ಮೊದಲೇ ಹಳೆಯ ರೂಟರ್‌ನ ವ್ಯಾನ್ ಮ್ಯಾಕ್ ಅನ್ನು ಹೊಸದರ ವ್ಯಾನ್ ಪುಟದಲ್ಲಿ ಬರೆದಿಡಿ. ಸ್ಟಿಕ್ಕರ್‌ನಲ್ಲಿರುವುದು ಲ್ಯಾನ್ ಮ್ಯಾಕ್ ಆಗಿರಬಹುದು, ಹಾಗಾಗಿ ಸ್ಟೇಟಸ್ ಪುಟದಲ್ಲಿ ಕಾಣುವುದನ್ನೇ ತೆಗೆದುಕೊಳ್ಳಿ. ಹಳೆಯ ರೂಟರ್ ವಾಪಸ್ ಬಸ್ಸಿನಲ್ಲಿ ತರಿಸಿಕೊಳ್ಳಿ. ಅದಕ್ಕೆ ಮೇಜಿನ ಮೇಲೆ ಹೊಸ ಫರ್ಮ್‌ವೇರ್ ಹಾಕಿಟ್ಟರೆ ಮುಂದಿನ ಸಲಕ್ಕೆ ಅದೇ ಬದಲಿ ರೂಟರ್.